ಎಂ. ವಿ. ಗೋಪಾಲಸ್ವಾಮಿ

ಡಾ. ಎಂ. ವಿ. ಗೋಪಾಲಸ್ವಾಮಿ (1896–1957) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು ಮತ್ತು ಮೈಸೂರಿನ ಮೊದಲ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ವಿಠ್ಠಲ ವಿಹಾರದಿಂದ 30 ವ್ಯಾಟ್ ಸಾಮರ್ಥ್ಯದ ಪುಟ್ಟ ಪ್ರೇಷಕಯಂತ್ರದ ಮೂಲಕ ಅವರು ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ಭಾರತದ ಸರ್ಕಾರಿ ಬಾನುಲಿ ಸಂಸ್ಥೆಯ ಹೆಸರಾಯಿತು.

ಶಿಕ್ಷಣ ಮತ್ತು ಅಧ್ಯಾಪನ

ಗೋಪಾಲಸ್ವಾಮಿಯವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಪ್ರಸಿದ್ಧ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ನಡೆಸಿದರು. ಮನುಷ್ಯನ ನಾನಾ ಬೌದ್ಧಿಕ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೆಂಬುದು ಸ್ಪಿಯರ್‌ಮನ್ನರ ಸಿದ್ಧಾಂತ. ಕೈಕಾಲುಗಳ ಚಲನೆಯನ್ನು ಅವಲಂಬಿಸಿದ ಕಲಿಕೆಯಲ್ಲಿ ಬುದ್ಧಿಶಕ್ತಿಯ ಪಾತ್ರವೇನು ಎಂಬ ವಿಷಯವನ್ನು ಕುರಿತ ಗೋಪಾಲಸ್ವಾಮಿಯವರ ಪ್ರಬಂಧವು 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾಯಿತು.

ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗವು ಅವರ ನೇತೃತ್ವದಲ್ಲಿ ಆರಂಭವಾಯಿತು. ಭಾರತದಲ್ಲಿ ಈ ವಿಷಯಕ್ಕೆ ಮೀಸಲಾದ ಮೊದಲ ವಿಭಾಗವು 1916ರಲ್ಲಿ ಕಲ್ಕತ್ತಾದಲ್ಲಿ ತೆರೆದಿತ್ತು. ಮೈಸೂರಿನ ವಿಭಾಗವು ಅದರ ನಂತರದ ಮೊದಲ ಕೆಲವು ವಿಭಾಗಗಳಲ್ಲಿ ಒಂದು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರೇ ಕಲ್ಕತ್ತಾದಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮವನ್ನು ರೂಪಿಸಿದ್ದವರೆಂಬುದು ಇಲ್ಲಿ ಸ್ಮರಣೀಯ. ಅದುವರೆಗೆ ತತ್ತ್ವಶಾಸ್ತ್ರದ ಅಂಗವಾಗಿ ಬೋಧಿಸಲ್ಪಡುತ್ತಿದ್ದ ವಿಷಯವನ್ನು ಪ್ರಯೋಗ ಮತ್ತು ಅಳತೆಗಳ ಮೇಲೆ ನಿಲ್ಲಿಸುವುದು ಹೊಸ ವಿಭಾಗದ ಉದ್ದೇಶವಾಗಿತ್ತು. ಯಂತ್ರೋಪಕರಣಗಳೊಂದಿಗೆ ದುಡಿಯುವ ಈ ಪ್ರಯೋಗಶೀಲತೆಯೇ ಗೋಪಾಲಸ್ವಾಮಿಯವರ ಬಾನುಲಿ ಸಾಹಸದಲ್ಲಿಯೂ ಕಾಣುತ್ತದೆ.

ಹಿನ್ನೆಲೆ: ಭಾರತದಲ್ಲಿ ಬಾನುಲಿ

ಭಾರತದಲ್ಲಿ ಬಾನುಲಿ ಪ್ರಸಾರವು ಹವ್ಯಾಸಿಗಳಿಂದ ಮೊದಲಾಯಿತು. 1924ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಪ್ರಸಾರವನ್ನು ಆರಂಭಿಸಿ, ಹಣದ ಕೊರತೆಯಿಂದ ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 1927ರಲ್ಲಿ ಬೊಂಬಾಯಿ ಮತ್ತು ಕಲ್ಕತ್ತಾಗಳಲ್ಲಿ ಕೇಂದ್ರಗಳನ್ನು ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯೂ 1930ರಲ್ಲಿ ಮುಚ್ಚಿತು. ಆ ಕೇಂದ್ರಗಳನ್ನು ಸರ್ಕಾರವು ವಹಿಸಿಕೊಂಡಿತು. 1936ರ ಜೂನ್ 8ರಂದು ಆ ಸರ್ಕಾರಿ ಸೇವೆಗೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದಿತು. ಇವುಗಳಲ್ಲಿ ಯಾವುದೂ ಕನ್ನಡ ನಾಡಿನ ಕೇಂದ್ರವಾಗಿರಲಿಲ್ಲ. ಒಂದು ಕ್ಲಬ್ಬಿಗೂ ಒಂದು ಕಂಪನಿಗೂ ಸಾಧ್ಯವಾಗದೆ ಹೋದ ಕಾರ್ಯವನ್ನು ಕಾಲೇಜಿನ ಅಧ್ಯಾಪಕರೊಬ್ಬರು ತಮ್ಮ ಮನೆಯಲ್ಲಿ ಕೈಗೊಂಡರೆಂಬುದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ವಿಠ್ಠಲ ವಿಹಾರದ ಕೇಂದ್ರ

ವಿಠ್ಠಲ ವಿಹಾರವು ಈಗಿನ ಮೈಸೂರು ಆಕಾಶವಾಣಿ ಕಟ್ಟಡಕ್ಕೆ ಸಮೀಪದಲ್ಲಿತ್ತು. ಪ್ರಸಾರ ಕೇಂದ್ರದಲ್ಲಿ ಮೈಕ್ರೊಫೋನು ಧ್ವನಿಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಪ್ರೇಷಕವು ಆ ಸಂಕೇತವನ್ನು ವಾಹಕ ತರಂಗದ ಮೇಲೆ ಹೇರಿ ಆಂಟೆನಾಕ್ಕೆ ಒಪ್ಪಿಸುತ್ತದೆ. ಆ ಕಾಲದ ಪ್ರೇಷಕ ಮತ್ತು ಗ್ರಾಹಕ ಯಂತ್ರಗಳೆರಡೂ ಗಾಜಿನ ನಿರ್ವಾತ ಕವಾಟಗಳನ್ನು ಅವಲಂಬಿಸಿದ್ದವು. 30 ವ್ಯಾಟ್ ಎಂದರೆ ಮನೆಯ ಒಂದು ಸಣ್ಣ ವಿದ್ಯುದ್ದೀಪಕ್ಕೆ ಬೇಕಾಗುವಷ್ಟು ಶಕ್ತಿ. ಹೋಲಿಕೆಗೆ ಹೇಳುವುದಾದರೆ, ಸಿಟಿಜನ್ ಬ್ಯಾಂಡ್ ರೇಡಿಯೊವನ್ನು ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಲು ಇರುವ ಗರಿಷ್ಠ ಮಿತಿ 5 ವ್ಯಾಟ್. ಅದರ ಆರು ಪಟ್ಟು ಶಕ್ತಿಯಿಂದ ಗೋಪಾಲಸ್ವಾಮಿಯವರು ಒಂದು ಊರಿನ ಬಾನುಲಿಯನ್ನು ನಡೆಸಿದರು. ಮುಂದೆ 250 ವ್ಯಾಟ್ ಸಾಮರ್ಥ್ಯದ ಪ್ರೇಷಕವನ್ನು ವಿದೇಶದಿಂದ ತರಿಸಲಾಯಿತು.

ಕೇಂದ್ರದ ಆರಂಭದ ಪ್ರಸಾರದಲ್ಲಿ ಕುವೆಂಪು ತಮ್ಮ ಕವಿತೆಯನ್ನು ವಾಚಿಸಿದರು. ಸಂಗೀತ ವಿದ್ವಾಂಸರಿಗೂ ಸಾಹಿತಿಗಳಿಗೂ ನೆಲೆಯಾಗಿದ್ದ ಮೈಸೂರಿನಲ್ಲಿ ಕಾರ್ಯಕ್ರಮಗಳಿಗೆ ಬೇಕಾದ ಪ್ರತಿಭೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಹಣಕ್ಕೆ. ಯಂತ್ರದ ನಿರ್ವಹಣೆಯಿಂದ ಹಿಡಿದು ಕಾರ್ಯಕ್ರಮಗಳ ಏರ್ಪಾಟಿನವರೆಗೆ ಕೇಂದ್ರದ ಮುಖ್ಯ ಹೊಣೆಯು ಗೋಪಾಲಸ್ವಾಮಿಯವರದೇ ಆಗಿತ್ತು. ಅಧ್ಯಾಪನ ವೃತ್ತಿಯೊಂದಿಗೆ ಈ ಹೊಣೆಯನ್ನೂ ಹೊತ್ತು, ಸಾರ್ವಜನಿಕರ ಮತ್ತು ಪುರಸಭೆಯ ನೆರವಿನೊಡನೆ ಆರು ವರ್ಷಗಳಿಗೂ ಹೆಚ್ಚು ಕಾಲ ಅವರು ಕೇಂದ್ರವನ್ನು ನಡೆಸಿದರು.

ಹೆಸರಿನ ಹುಟ್ಟು

ಆಕಾಶವಾಣಿ ಎಂಬುದು ಹೊಸದಾಗಿ ಟಂಕಿಸಿದ ಪದವಲ್ಲ. ಕಣ್ಣಿಗೆ ಕಾಣದೆ ಕಿವಿಗೆ ಮಾತ್ರ ಕೇಳುವ ಬಾನಿನ ನುಡಿ ಎಂಬ ಅರ್ಥದಲ್ಲಿ ಅದು ಪುರಾಣಗಳಲ್ಲಿ ಬಳಕೆಯಲ್ಲಿತ್ತು. ದೇವಕಿಯ ಎಂಟನೆಯ ಮಗನಿಂದ ಮರಣವೆಂದು ಕಂಸನನ್ನು ಎಚ್ಚರಿಸಿದ ಅಶರೀರವಾಣಿಯ ಕಥೆ ಕನ್ನಡಿಗರಿಗೆ ಚಿರಪರಿಚಿತ. ಈ ಹಳೆಯ ಪದವನ್ನು ಹೊಸ ಯಂತ್ರಕ್ಕೆ ಹೊಂದಿಸಿದ್ದು ಮೈಸೂರಿನ ಕೇಂದ್ರದ ವಿಶೇಷ. ಹೆಸರನ್ನು ಸೂಚಿಸಿದವರು ಮಹಾರಾಜ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದ ಹಾಸ್ಯಸಾಹಿತಿ ನಾ. ಕಸ್ತೂರಿ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಕೆಲವು ಬರೆಹಗಳು ಅದರ ಶ್ರೇಯಸ್ಸನ್ನು ಗೋಪಾಲಸ್ವಾಮಿಯವರಿಗೇ ಸಲ್ಲಿಸುತ್ತವೆ. 1938ರಲ್ಲಿ ಕಲ್ಕತ್ತಾದ ಕಿರುತರಂಗ ಕೇಂದ್ರದ ಸಂದರ್ಭದಲ್ಲಿ ರವೀಂದ್ರನಾಥ ಠಾಕೂರರೂ ಈ ಪದವನ್ನು ಬಳಸಿದ್ದುಂಟು. ಆದರೆ ಮೈಸೂರಿನ ಬಳಕೆ ಅದಕ್ಕಿಂತ ಮೂರು ವರ್ಷ ಹಿಂದಿನದು.

ಸಂಸ್ಥಾನದ ಆಡಳಿತಕ್ಕೆ

1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಕೇಂದ್ರವನ್ನು ವಹಿಸಿಕೊಂಡಿತು. ಖಾಸಗಿ ಉದ್ಯಮವೊಂದು ಸಾರ್ವಜನಿಕ ಸಂಸ್ಥೆಯಾಗಿ ಉಳಿದುಕೊಂಡಿತು. ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಬಳಿಕ, 1950ರ ಏಪ್ರಿಲ್ 1ರಂದು ಕೇಂದ್ರವು ಆಲ್ ಇಂಡಿಯಾ ರೇಡಿಯೊದ ಭಾಗವಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಕೇಂದ್ರವನ್ನು ಅಲ್ಲಿಗೆ ಸ್ಥಳಾಂತರಿಸಲಾಯಿತು. ರಾಜಧಾನಿಗೆ ಅದು ಲಾಭವಾದರೂ, ಬಾನುಲಿಗೆ ಹೆಸರು ಕೊಟ್ಟ ಊರು ತನ್ನ ಕೇಂದ್ರವನ್ನು ಕಳೆದುಕೊಂಡಿತು.

ನಿಧನ ಮತ್ತು ನಂತರದ ಬೆಳವಣಿಗೆ

ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು. ಆಕಾಶವಾಣಿ ಎಂಬ ಹೆಸರು ರಾಷ್ಟ್ರೀಯ ಬಾನುಲಿ ಸಂಸ್ಥೆಯ ಅಧಿಕೃತ ಹೆಸರಾಗಿ ಬಳಕೆಗೆ ಬಂದದ್ದೂ ಅದೇ ವರ್ಷವೆಂದು ಪರಿಗಣಿಸಲಾಗಿದೆ. ಹೆಸರು ದೇಶವ್ಯಾಪಿಯಾದಾಗ ಮೈಸೂರಿನಲ್ಲಿ ಕೇಂದ್ರವಿರಲಿಲ್ಲ. ಸುಮಾರು 19 ವರ್ಷಗಳ ಅಂತರದ ಬಳಿಕ, 1974ರ ನವೆಂಬರ್ 14ರಂದು ಅಲ್ಲಿ ಮತ್ತೆ ಬಾನುಲಿ ಕೇಂದ್ರ ಆರಂಭವಾಯಿತು. ಅದನ್ನು ನೋಡಲು ಸ್ಥಾಪಕರು ಬದುಕಿರಲಿಲ್ಲ. 2023ರಲ್ಲಿ ಪ್ರಸಾರ ಭಾರತಿಯು ಆಲ್ ಇಂಡಿಯಾ ರೇಡಿಯೊ ಎಂಬ ಹೆಸರನ್ನು ಕೈಬಿಟ್ಟು ಎಲ್ಲ ಕಡೆಯೂ ಆಕಾಶವಾಣಿ ಎಂದೇ ಬಳಸುವಂತೆ ಸೂಚಿಸಿತು.

ತಂತ್ರಜ್ಞಾನದ ಬೆಳವಣಿಗೆಯನ್ನು ಬೆಂಗಳೂರಿನ ಉತ್ತರ ಭಾಗದ ಯಲಹಂಕದಲ್ಲಿ ಸ್ಥಾಪಿತವಾದ ಆಕಾಶವಾಣಿಯ ಕಿರುತರಂಗ ಪ್ರೇಷಕಗಳಿಂದ ಅಳೆಯಬಹುದು. 500 ಕಿಲೋವ್ಯಾಟ್ ಸಾಮರ್ಥ್ಯದ ಅಂತಹ ಒಂದು ಪ್ರೇಷಕದ ಶಕ್ತಿ ವಿಠ್ಠಲ ವಿಹಾರದ ಯಂತ್ರದ ಶಕ್ತಿಗಿಂತ ಹದಿನಾರು ಸಾವಿರ ಪಟ್ಟಿಗೂ ಹೆಚ್ಚು. ದೇಶದ ಎಲ್ಲೆಯನ್ನು ದಾಟಿ ಸಾಗುವ ಆ ತರಂಗಗಳು ಹೊತ್ತೊಯ್ದದ್ದು ಮೈಸೂರಿನ ಮನೆಯೊಂದರಲ್ಲಿ ಮೊದಲು ಬಳಕೆಗೆ ಬಂದ ಹೆಸರನ್ನೇ.