ಕ್ಯಾಮೆರಾ ತಿರುಗುವ ಮೊದಲು: ದಾದಾಸಾಹೇಬ್ ಫಾಲ್ಕೆಯವರ ಸಿದ್ಧತೆಯ ಪಾಠ



ದಾದಾಸಾಹೇಬ್ ಫಾಲ್ಕೆ ಎಂಬ ಹೆಸರನ್ನು ನೀವು ಒಂದು ಪ್ರಶಸ್ತಿಯ ಹೆಸರಾಗಿ ಕೇಳಿರುತ್ತೀರಿ. ಚಿತ್ರರಂಗದ ಜೀವಮಾನದ ಸಾಧನೆಗೆ ಕೇಂದ್ರ ಸರಕಾರ ನೀಡುವ ಈ ಗೌರವ 1995ನೇ ಸಾಲಿಗೆ ಡಾ. ರಾಜ್‌ಕುಮಾರ್ ಅವರಿಗೂ, 2008ನೇ ಸಾಲಿಗೆ ಮೈಸೂರಿನ ಹೆಸರಾಂತ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರಿಗೂ ಸಂದಿತು. ಆದರೆ ಫಾಲ್ಕೆ ಎಂಬ ಮನುಷ್ಯ ಯಾರು? ಸ್ಟುಡಿಯೋ, ಕಲಾವಿದರು, ಸಾಲ ಕೊಡುವ ಬ್ಯಾಂಕು ಯಾವುದೂ ಇಲ್ಲದ ಕಾಲದಲ್ಲಿ ಒಬ್ಬ ಸಾಮಾನ್ಯ ಗೃಹಸ್ಥ ಚಿತ್ರೀಕರಣಕ್ಕೆ ಹೇಗೆ ಸಿದ್ಧನಾದ? ಇದನ್ನು ನೀವು ತಿಳಿಯಬೇಕು. ಏಕೆಂದರೆ ಈ ಕತೆಯಲ್ಲಿ ಸಿನಿಮಾಕ್ಕಿಂತ ಕಲಿಕೆಯ ಪಾಲೇ ದೊಡ್ಡದು.

ಕಲಿತದ್ದು ವ್ಯರ್ಥವಾಗಲಿಲ್ಲ

ಧುಂಡಿರಾಜ್ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಬಳಿಯ ತ್ರ್ಯಂಬಕದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತ ಫಾಲ್ಕೆ, ಮುಂದೆ ಬರೋಡಾದ ಕಲಾಭವನಕ್ಕೆ ಹೋಗಿ ಛಾಯಾಚಿತ್ರ ಕಲೆಯನ್ನೂ ಕಲಿತರು. ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಅಲ್ಲಿ ಪ್ಲೇಗ್ ಮಾರಿ ಅವರ ಮೊದಲ ಪತ್ನಿ ಮತ್ತು ಮಗುವನ್ನು ಕಸಿದುಕೊಂಡಿತು. ನಂತರ ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದರು, ಮುದ್ರಣಾಲಯ ನಡೆಸಿದರು, ಬಣ್ಣದ ಮುದ್ರಣದ ಯಂತ್ರಗಳಿಗಾಗಿ 1909ರಲ್ಲಿ ಜರ್ಮನಿಗೂ ಹೋಗಿ ಬಂದರು. ಜಾದೂ ವಿದ್ಯೆಯನ್ನೂ ಕಲಿತಿದ್ದರು. ಪಾಲುದಾರರೊಡನೆ ಮನಸ್ತಾಪವಾಗಿ ಮುದ್ರಣ ವ್ಯವಹಾರವನ್ನು ಬಿಟ್ಟಾಗ ಅವರ ವಯಸ್ಸು ನಲವತ್ತು ದಾಟಿತ್ತು, ಕೈಯಲ್ಲಿ ಉದ್ಯೋಗವಿರಲಿಲ್ಲ.

ಆ ದಿನಗಳಲ್ಲಿ ನೋಡಿದವರು ಇವರನ್ನು ಯಾವುದರಲ್ಲೂ ನಿಲ್ಲದವರು ಎಂದುಕೊಂಡಿರಬಹುದು. ಆದರೆ ಚಿತ್ರ ಬರೆಯುವುದು, ಬೆಳಕನ್ನು ಅಳೆಯುವುದು, ರಾಸಾಯನಿಕಗಳಲ್ಲಿ ಫಿಲ್ಮ್ ತೊಳೆಯುವುದು, ಯಂತ್ರ ಬಿಚ್ಚಿ ಜೋಡಿಸುವುದು, ಕಣ್ಕಟ್ಟು ಮಾಡುವುದು ಇವೆಲ್ಲ ಮುಂದೆ ಒಂದೇ ಕೆಲಸದಲ್ಲಿ ಒಟ್ಟುಗೂಡಲಿದ್ದವು.

ಪಣಕ್ಕಿಟ್ಟದ್ದೇನು?

1911ರ ಸುಮಾರಿಗೆ ಮುಂಬಯಿಯ ಗಿರಗಾಂವ್‌ನಲ್ಲಿ ಅವರು ಏಸುಕ್ರಿಸ್ತರ ಜೀವನದ ಒಂದು ವಿದೇಶಿ ಚಲನಚಿತ್ರ ನೋಡಿದರು. ನಮ್ಮ ನಾಡಿನ ಕತೆಗಳನ್ನೂ ಹೀಗೆ ತೆರೆಯ ಮೇಲೆ ತರಬೇಕೆಂಬ ಹಂಬಲ ಅಂದೇ ಹುಟ್ಟಿತು. ಮರುದಿನವೇ ಅವರು ಸಾಲ ಮಾಡಿ ಚಿತ್ರ ತೆಗೆಯಲು ಹೊರಡಲಿಲ್ಲ. ತಿಂಗಳುಗಟ್ಟಲೆ ದಿನವೂ ನಾಲ್ಕೈದು ಗಂಟೆ ಸಿನಿಮಾ ನೋಡಿ ಅಭ್ಯಾಸ ಮಾಡಿದರು, ಉಳಿದ ಹೊತ್ತು ಪ್ರಯೋಗಗಳಲ್ಲಿ ಮುಳುಗಿದರು. ಈ ಶ್ರಮದಿಂದ ಸ್ವಲ್ಪ ಕಾಲ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಚಿಕಿತ್ಸೆಯಿಂದ ದೃಷ್ಟಿ ಮರಳಿತು, ಹಟ ಕದಲಲಿಲ್ಲ.

ಜೀವವಿಮೆ ಪಾಲಿಸಿಯನ್ನು ಅಡವಿಟ್ಟು ಹಣ ಹೊಂದಿಸಿಕೊಂಡು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಬಯಾಸ್ಕೋಪ್ ಎಂಬ ಸಿನಿಮಾ ಪತ್ರಿಕೆಯ ಸಂಪಾದಕರನ್ನು ನೇರವಾಗಿ ಹೋಗಿ ಕಂಡರು. ಅವರ ಮೂಲಕ ನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋ ನೋಡುವ ಅವಕಾಶ ದೊರೆಯಿತು. ಇದ್ದ ಸ್ವಲ್ಪ ದಿನಗಳಲ್ಲೇ ಚಿತ್ರೀಕರಣದ ಕ್ರಮಗಳನ್ನು ಕಣ್ಣಾರೆ ಕಂಡು ಕಲಿತರು. ವಿಲಿಯಮ್ಸನ್ ಕ್ಯಾಮೆರಾ, ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರ, ಫಿಲ್ಮ್ ತೊಳೆಯುವ ಮತ್ತು ಮುದ್ರಿಸುವ ಸಾಮಗ್ರಿಗಳಿಗೆ ಬೇಡಿಕೆ ಸಲ್ಲಿಸಿ ಊರಿಗೆ ಮರಳಿದರು.

ಬಟಾಣಿ ಗಿಡದ ಪರೀಕ್ಷೆ

ಯಂತ್ರಗಳೇನೋ ಬಂದವು. ಆದರೆ ಚಿತ್ರಕ್ಕೆ ಬಂಡವಾಳ ಹಾಕುವವರು ಯಾರು? ಇಲ್ಲಿ ಫಾಲ್ಕೆಯವರ ಜಾಣ್ಮೆಯನ್ನು ಗಮನಿಸಿ. ಒಂದು ಕುಂಡದಲ್ಲಿ ಬಟಾಣಿ ಬಿತ್ತಿ, ಅದರ ಮುಂದೆ ಕ್ಯಾಮೆರಾ ನಿಲ್ಲಿಸಿದರು. ಒಂದು ತಿಂಗಳಿಗೂ ಹೆಚ್ಚು ಕಾಲ, ಕಾಳು ಮೊಳೆತು ಬಳ್ಳಿಯಾಗುವುದನ್ನು ಸ್ವಲ್ಪ ಸ್ವಲ್ಪವಾಗಿ ಸೆರೆಹಿಡಿದರು. ತೆರೆಯ ಮೇಲೆ ಅದು ನಿಮಿಷದಷ್ಟರ ಚಿತ್ರ. ಕಣ್ಣೆದುರೇ ಗಿಡ ಬೆಳೆಯುವುದನ್ನು ಕಂಡವರಿಗೆ ಈ ಮನುಷ್ಯನಿಗೆ ಕೆಲಸ ಗೊತ್ತಿದೆ ಎಂಬ ನಂಬಿಕೆ ಬಂತು. ಯಂತ್ರವೂ, ಕೈಯೂ ಸರಿಯಾಗಿವೆಯೇ ಎಂದು ತಾವೇ ಪರೀಕ್ಷಿಸಿಕೊಂಡಂತೆಯೂ ಆಯಿತು. ಸಾಲದ್ದಕ್ಕೆ ಪತ್ನಿ ಸರಸ್ವತಿಬಾಯಿ ತಮ್ಮ ಒಡವೆಗಳನ್ನು ಅಡವಿಡಲು ಕೊಟ್ಟರು.

ಜನರನ್ನು ಹುಡುಕಿದ ಬಗೆ

ಕತೆಯಾಗಿ ರಾಜಾ ಹರಿಶ್ಚಂದ್ರನನ್ನು ಆರಿಸಿಕೊಂಡರು. ಎಲ್ಲರೂ ಬಲ್ಲ ಕತೆಯಾದ್ದರಿಂದ, ಮಾತಿಲ್ಲದ ಚಿತ್ರವನ್ನೂ ಜನ ಸುಲಭವಾಗಿ ಅರ್ಥಮಾಡಿಕೊಳ್ಳುತ್ತಿದ್ದರು. ರಂಗಭೂಮಿಯ ದತ್ತಾತ್ರೇಯ ದಾಮೋದರ ದಾಬಕೆ ಹರಿಶ್ಚಂದ್ರನಾದರು. ಫಾಲ್ಕೆಯವರ ಮಗ ಭಾಲಚಂದ್ರ ರೋಹಿತಾಶ್ವನಾದ. ಆದರೆ ತಾರಾಮತಿಯ ಪಾತ್ರಕ್ಕೆ ಎಷ್ಟು ಅಲೆದರೂ ಯಾವ ಮಹಿಳೆಯೂ ಒಪ್ಪಲಿಲ್ಲ. ಸಿನಿಮಾ ಅಂದು ಅಷ್ಟು ಕೀಳೆನಿಸಿದ ಕಸುಬು. ಕೊನೆಗೆ ಒಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನ ನಾಜೂಕಾದ ಕೈಗಳನ್ನು ಕಂಡು ಅವನನ್ನೇ ಒಪ್ಪಿಸಿದರು. ಯಾರಾದರೂ ಉದ್ಯೋಗ ಕೇಳಿದರೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಕೆಲಸ ಎಂದು ಹೇಳುವಂತೆ ತಮ್ಮ ಕಲಾವಿದರಿಗೆ ಸೂಚಿಸಿದ್ದರಂತೆ. ಕ್ಯಾಮೆರಾ ನಡೆಸಲು ಹೊರಗಿನ ಪರಿಣತರನ್ನು ಕರೆಯದೆ ಸ್ನೇಹಿತ ತ್ರ್ಯಂಬಕ ತೇಲಂಗರಿಗೆ ತಾವೇ ತರಬೇತಿ ನೀಡಿದರು.

ಹೆಸರು ಕಾಣದ ಕೈಗಳು

ದಾದರಿನಲ್ಲಿದ್ದ ಅವರ ಮನೆಯೇ ಸ್ಟುಡಿಯೋ ಆಯಿತು. ಸೂರ್ಯನ ಬೆಳಕೇ ದೀಪ. ಆದ್ದರಿಂದ ಹಗಲಿಡೀ ಚಿತ್ರೀಕರಣ, ರಾತ್ರಿ ಫಿಲ್ಮ್ ತೊಳೆಯುವ ಕೆಲಸ. ಕಚ್ಚಾ ಫಿಲ್ಮ್ ಅಂಚಿನ ರಂಧ್ರಗಳಿಲ್ಲದೆ ಬರುತ್ತಿತ್ತು. ಬೆಳಕು ತಾಕಿದರೆ ಹಾಳಾಗುವ ಆ ಸುರುಳಿಗಳಿಗೆ ಕತ್ತಲ ಕೋಣೆಯಲ್ಲಿ ಕೈ ಅಂದಾಜಿನಲ್ಲೇ ರಂಧ್ರ ಕೊರೆದವರು ಸರಸ್ವತಿಬಾಯಿ. ಹಗಲಿನಲ್ಲಿ ಬಿಸಿಲನ್ನು ತಿರುಗಿಸಲು ಬಿಳಿ ಬಟ್ಟೆ ಹಿಡಿದು ನಿಂತವರು, ಅರವತ್ತು ಎಪ್ಪತ್ತು ಜನರ ತಂಡಕ್ಕೆ ಅಡುಗೆ ಮಾಡಿ ಬಡಿಸಿದವರು, ಉಡುಪುಗಳನ್ನು ಒಗೆದವರು, ಇದರ ನಡುವೆ ಮಕ್ಕಳನ್ನು ಸಾಕಿದವರೂ ಅವರೇ. ಪತಿಯ ಹೆಸರಿನಲ್ಲಿ ಪ್ರಶಸ್ತಿಯಿದೆ. ಈ ತಾಯಿಯ ಹೆಸರು ಎಷ್ಟು ಜನರಿಗೆ ಗೊತ್ತು? ನಮ್ಮ ಸಹೋದರಿಯರು, ವಿದ್ಯಾರ್ಥಿನಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಆರು ತಿಂಗಳು ಇಪ್ಪತ್ತೇಳು ದಿನಗಳಲ್ಲಿ ಸುಮಾರು 3,700 ಅಡಿ ಉದ್ದದ ಚಿತ್ರ ಸಿದ್ಧವಾಯಿತು. 1913ರ ಏಪ್ರಿಲ್ 21ರಂದು ಆಹ್ವಾನಿತರಿಗೆ ಪ್ರದರ್ಶನ ನಡೆಯಿತು. ಮೇ 3ರಂದು ಗಿರಗಾಂವ್‌ನ ಕಾರೋನೇಶನ್ ಚಿತ್ರಮಂದಿರದಲ್ಲಿ ತೆರೆಕಂಡು ಜನಮನ ಗೆದ್ದಿತು. ಅದರ ನಂತರ ಬಂದ ಅವರ ಮೋಹಿನಿ ಭಸ್ಮಾಸುರ ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿದರು. ಮುಚ್ಚಿದ್ದ ಬಾಗಿಲು ಅಷ್ಟು ಬೇಗ ತೆರೆಯಿತು.

ಫಾಲ್ಕೆಯವರ ಕೊನೆಗಾಲ ಮಾತ್ರ ಸುಖಕರವಾಗಿರಲಿಲ್ಲ. ಮಾತಿನ ಚಿತ್ರಗಳ ಯುಗ ಅವರನ್ನು ಬದಿಗೆ ಸರಿಸಿತು. 1937ರ ಗಂಗಾವತರಣ ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕ್‌ನಲ್ಲಿ, ಚಿತ್ರರಂಗ ಬಹುಮಟ್ಟಿಗೆ ಮರೆತಿದ್ದ ಹೊತ್ತಿನಲ್ಲಿ, ಕಣ್ಣುಮುಚ್ಚಿದರು. ಅವರ ಹೆಸರಿನ ಪ್ರಶಸ್ತಿ ಆರಂಭವಾದದ್ದು 1969ರಲ್ಲಿ.

ನಿಮಗೊಂದು ಕಿವಿಮಾತು

ಇಂದು ನಿಮ್ಮ ಕೈಯ ಮೊಬೈಲಿನಲ್ಲೇ ಕ್ಯಾಮೆರಾ ಇದೆ. ಕಾಲೇಜಿನ ಗೆಳೆಯರು ಸೇರಿ ಕಿರುಚಿತ್ರ ಮಾಡಬಹುದು. ಮಾಡುವುದಾದರೆ ಫಾಲ್ಕೆಯವರಂತೆ ಮಾಡಿ. ಮೊದಲು ಕೆಲಸ ಬಲ್ಲವರನ್ನು ಹುಡುಕಿ ಹೋಗಿ ಕೇಳಿ. ದೊಡ್ಡದಕ್ಕೆ ಕೈಹಾಕುವ ಮುನ್ನ ಬಟಾಣಿ ಗಿಡದಂಥ ಒಂದು ಚಿಕ್ಕ ಕೆಲಸ ಮುಗಿಸಿ ತೋರಿಸಿ. ಕತೆಯನ್ನು ಬರೆದಿಟ್ಟುಕೊಳ್ಳಿ, ಜಾಗಗಳನ್ನು ಮೊದಲೇ ನೋಡಿ ಅನುಮತಿ ಪಡೆಯಿರಿ, ಬೆಳಕು ಎಷ್ಟು ಹೊತ್ತು ಸಿಗುತ್ತದೆಂದು ಲೆಕ್ಕ ಹಾಕಿ, ತಂಡದ ಊಟದ ಏರ್ಪಾಡನ್ನು ಮರೆಯಬೇಡಿ. ಮುಗಿದ ಮೇಲೆ, ಅಡುಗೆ ಮಾಡಿದವರಿಂದ ಹಿಡಿದು ಬಿಳಿ ಬಟ್ಟೆ ಹಿಡಿದು ನಿಂತವರವರೆಗೆ, ಪ್ರತಿಯೊಬ್ಬರ ಹೆಸರನ್ನೂ ತೆರೆಯ ಮೇಲೆ ಹಾಕಿ.