ಆಡಿಸಬಲ್ಲ ರಹೀಂ ಮಾಸ್ತರರು

ಕೊಯ್ಲು ಮುಗಿದ ಗದ್ದೆಗಳಲ್ಲಿ ಮಂಗಲ್ಪಾಡಿ, ಉಪ್ಪಳದ ಹುಡುಗರು ಚೆಂಡೊದೆಯುವುದನ್ನು ನಾವು ಕಂಡವರೇ. ಚೆನ್ನಾಗಿ ಆಡುವವರು ಬೇಕಾದಷ್ಟು ಮಂದಿ, ಆಡಿಸಬಲ್ಲವರು ವಿರಳ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅಂಥ ವಿರಳರಲ್ಲೊಬ್ಬರು.

1909ರಲ್ಲಿ ಹುಟ್ಟಿದ ರಹೀಂ ವೃತ್ತಿಯಲ್ಲಿ ಶಾಲಾ ಮಾಸ್ತರರು, ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದ ಫುಟ್ಬಾಲ್ ಆಟಗಾರರು. ಆಟ ಬಿಟ್ಟು ತರಬೇತಿಗಿಳಿದ ಮೇಲೂ ಅವರೊಳಗಿನ ಮಾಸ್ತರ ಮರೆಯಾಗಲಿಲ್ಲ. ಬಲಗಾಲನ್ನೇ ನಂಬಿದವನಿಗೆ ಎಡಗಾಲಿನ ಪಾಠ. ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಮೆರೆಯುವವನಿಗೆ ತಟ್ಟನೆ ಜೊತೆಗಾರನಿಗೆ ದಾಟಿಸುವ ಪಾಠ. ಅವರ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರ ತನಕ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

ಸೋಲನ್ನೂ ಉಂಡವರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ 10-1ರಿಂದ ಬಡಿಯಿತು. ನಮ್ಮವರಲ್ಲಿ ಹಲವರದು ಬರಿಗಾಲು. ಬೂಟು ಕಡ್ಡಾಯವಾದದ್ದು ಆಮೇಲೆ. 1956ರ ಮೆಲ್ಬರ್ನಿನಲ್ಲಿ ಅದೇ ರಹೀಮರ ತಂಡಕ್ಕೆ ನಾಲ್ಕನೆಯ ಸ್ಥಾನ. ಮೈಸೂರು ರಾಜ್ಯದ ಕೆಂಪಯ್ಯ, ಕೋಝಿಕ್ಕೋಡಿನ ರಹ್ಮಾನ್ ಇಬ್ಬರೂ ಆ ತಂಡದಲ್ಲಿದ್ದರೆಂಬುದು ಗಡಿನಾಡಿನ ನಮಗೆ ಸಂತೋಷದ ಮಾತು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಕ್ಯಾನ್ಸರ್ ಅವರ ಶ್ವಾಸಕೋಶವನ್ನು ಹಿಡಿದಿತ್ತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಬೇರೆಯವರಾದರೆ ಹೊರಗೆ ಕೂರಿಸುತ್ತಿದ್ದರೇನೋ; ರಹೀಂ ಅವರನ್ನು ಮುಂಚೂಣಿಗೇ ಕಳುಹಿಸಿದರು. ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯದ ಎದುರು 2-1ರ ಜಯ, ಒಂದು ಗೋಲು ಜರ್ನೈಲರದು. ಗುಂಪಿನ ಹಂತದಲ್ಲಿ ಇದೇ ಕೊರಿಯ ನಮ್ಮನ್ನು 2-0ರಿಂದ ಸೋಲಿಸಿತ್ತು.

1963ರ ಜೂನ್ 11ರಂದು ರಹೀಂ ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಆ ಬಳಿಕ ಭಾರತಕ್ಕೆ ಬಂದಿಲ್ಲ.