ಮಾಸ್ತರರಿಗೆ ಮಾಸ್ತರರು: ಡೆಪ್ಯುಟಿ ಚನ್ನಬಸಪ್ಪನವರು

ಕಲಿಸುವುದು ಹುಟ್ಟುಗುಣವೋ, ಕಲಿತು ಪಡೆಯುವ ವಿದ್ಯೆಯೋ ಎಂಬ ಚರ್ಚೆ ಉಪಾಧ್ಯಾಯರು ನಾಲ್ವರು ಕೂಡಿದಲ್ಲಿ ಇಂದಿಗೂ ನಡೆಯುತ್ತದೆ. ಕೆಲವರಿಗೆ ಅದು ಒಲಿದು ಬಂದಿರುತ್ತದೆ, ಉಳಿದವರಿಗೆ ಎಷ್ಟು ತರಬೇತಿ ಕೊಟ್ಟರೂ ಬಾರದು ಎನ್ನುವವರಿದ್ದಾರೆ. ಈ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಒಲಿದು ಬಂದವರನ್ನೇ ಕಾಯುತ್ತ ಕುಳಿತಿದ್ದರೆ ನಮ್ಮ ಹಳ್ಳಿಗಳಿಗೆ ಶಾಲೆಗಳು ಬರುತ್ತಲೇ ಇರಲಿಲ್ಲ. ಸಾಮಾನ್ಯ ಮನುಷ್ಯರನ್ನೇ ಆರಿಸಿ, ಅವರಿಗೆ ಕಲಿಸುವ ಬಗೆಯನ್ನು ಕಲಿಸಿ ಊರೂರಿಗೆ ಕಳಿಸಬೇಕೆಂದು ನಂಬಿ ದುಡಿದ ಒಬ್ಬ ಮಹನೀಯರ ಬಾಳನ್ನು ಇಲ್ಲಿ ನೆನೆಯಬೇಕೆಂದಿದ್ದೇನೆ. ಅವರೇ ಡೆಪ್ಯುಟಿ ಚನ್ನಬಸಪ್ಪನವರು. ಅವರು ಗತಿಸಿ ನೂರನಾಲ್ವತ್ತು ವರ್ಷಗಳ ಮೇಲಾಯಿತು. ಹುದ್ದೆಯೇ ಹೆಸರಿಗೆ ಅಂಟಿಕೊಂಡು ಉಳಿಯುವ ಭಾಗ್ಯ ಸರಕಾರದ ನೌಕರರಲ್ಲಿ ಬಲು ಕೆಲವರಿಗೆ ಮಾತ್ರ ದೊರೆತೀತು.

ಅವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಪೇಶವೆಯರ ಆಳಿಕೆ 1818ರಲ್ಲಿ ಮುಗಿದು ಈ ಸೀಮೆ ಕುಂಪಣಿಯವರ ಕೈಗೆ ಬಂದು ಆಗ ಒಂದೂವರೆ ದಶಕ ಮಾತ್ರ ಸಂದಿತ್ತು. ಅರಸರು ಬದಲಾಗಿದ್ದರೂ ಕಚೇರಿಯ ಕಾಗದಪತ್ರಗಳ ಭಾಷೆ ಬದಲಾಗಿರಲಿಲ್ಲ. ಕುಲಕರ್ಣಿಯ ಲೆಕ್ಕ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಸರಕಾರದ ಶಾಲೆಗಳಲ್ಲಿಯೂ ಅದೇ ಭಾಷೆ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡವಾಡುವ ಮಕ್ಕಳು ಶಾಲೆಯ ಹೊಸ್ತಿಲು ದಾಟಿದೊಡನೆ ಇನ್ನೊಂದು ನುಡಿಯಲ್ಲಿ ಬಾಯಿ ತೆರೆಯಬೇಕಾಗಿತ್ತು. ವಾಲ್ಟರ್ ಈಲಿಯಟ್ಟರೆಂಬ ಅಧಿಕಾರಿಗಳು ಧಾರವಾಡದಲ್ಲಿ ತಮ್ಮ ಸ್ವಂತ ಹಣದಿಂದ ಒಂದು ಕನ್ನಡ ಶಾಲೆಯನ್ನು ತೆರೆದಿದ್ದರು. ಅದು ಕತ್ತಲೆಯಲ್ಲಿ ಹಚ್ಚಿದ ಒಂದು ಹಣತೆಯಷ್ಟೆ.

ಇದಲ್ಲದೆ ಗಾವಠಿ ಶಾಲೆಗಳಿದ್ದವು. ಗುಡಿಯ ಪಡಸಾಲೆಯಲ್ಲಿ, ಮಠದ ಜಗಲಿಯ ಮೇಲೆ ಐಗಳು ಕುಳಿತಿರುತ್ತಿದ್ದರು. ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿಯನ್ನು ಒಬ್ಬ ಹೇಳಿಕೊಟ್ಟರೆ ಉಳಿದವರೆಲ್ಲ ರಾಗವಾಗಿ ಒಪ್ಪಿಸುತ್ತಿದ್ದರು. ಐಗಳಿಗೆ ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ದಕ್ಷಿಣೆ. ಈ ಶಾಲೆಗಳನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಬಾಯಿಲೆಕ್ಕ ಬಂದದ್ದು ಅಲ್ಲಿಂದಲೇ. ಆದರೆ ಐಗಳು ತಾವು ಕಲಿತಂತೆಯೇ ಕಲಿಸುತ್ತಿದ್ದರು. ಹುಡುಗನಿಗೆ ತಿಳಿಯದಿದ್ದರೆ ತಪ್ಪು ಹುಡುಗನದು, ಅದಕ್ಕೆ ಮದ್ದು ಛಡಿ. ಕಲಿಸುವ ರೀತಿಯಲ್ಲಿಯೇ ಏನಾದರೂ ಕೊರತೆ ಇದ್ದೀತೆಂಬ ಸಂಶಯಕ್ಕೆ ಅಲ್ಲಿ ಎಡೆ ಇರಲಿಲ್ಲ.

ಚನ್ನಬಸಪ್ಪನವರಿಗೆ ಧಾರವಾಡದಲ್ಲಿ ಸಿಕ್ಕ ಶಿಕ್ಷಣ ಸಾಲದಾಯಿತು. ಹೆಚ್ಚಿನ ವಿದ್ಯೆಗಾಗಿ ಅವರು ಪುಣೆಗೆ ಹೋದರು; ಆ ದಾರಿಯನ್ನು ಕಾಲ್ನಡೆಯಿಂದಲೇ ಸವೆಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ರೈಲು ಈ ಸೀಮೆಯನ್ನು ಕಾಣುವುದಕ್ಕೆ ಇನ್ನೂ ಹಲವು ವರ್ಷಗಳಿದ್ದವು. ಧಾರವಾಡದಿಂದ ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರಗಳ ಮೇಲೆ ಪುಣೆಗೆ ಹೋಗುವುದು ಹಳೆಯ ದಾರಿ; ಇಂದಿನ ಹೆದ್ದಾರಿ ಹೆಚ್ಚುಕಡಿಮೆ ಅದನ್ನೇ ಅನುಸರಿಸಿದೆ. ಪುಣೆಯಲ್ಲಿ ಅವರು ಮರಾಠಿ ಇಂಗ್ಲಿಷುಗಳನ್ನು ಚೆನ್ನಾಗಿ ಕಲಿತರು. ಮರಾಠಿಯಲ್ಲಿ ಪಠ್ಯಪುಸ್ತಕಗಳು, ಪತ್ರಿಕೆಗಳು, ಅನುವಾದಗಳು ಹೇಗೆ ಬೆಳೆಯುತ್ತಿದ್ದವೆಂಬುದು ಆ ನಗರದಲ್ಲಿದ್ದವನ ಕಣ್ಣಿಗೆ ಬೀಳದೆ ಇರಲಾರದು. ತಮ್ಮ ನುಡಿಯಲ್ಲಿ ಇದೇಕೆ ಆಗಬಾರದೆಂಬ ಹಂಬಲ ಅವರಲ್ಲಿ ಅಲ್ಲಿಯೇ ಮೊಳೆತಿರಬೇಕೆಂದು ನಾನು ಊಹಿಸುತ್ತೇನೆ. ಅವರ ಕನ್ನಡಾಭಿಮಾನಕ್ಕೆ ಮರಾಠಿಯ ದ್ವೇಷವು ಬೇರಾಗಿರಲಿಲ್ಲ, ಮರಾಠಿಯ ಉದಾಹರಣೆಯೇ ಬೇರಾಗಿತ್ತು.

ಅಷ್ಟರಲ್ಲಿ ಕಾಲವೂ ಅನುಕೂಲವಾಯಿತು. 1854ರಲ್ಲಿ ವುಡ್ ಸಾಹೇಬರ ಶಿಕ್ಷಣ ಖಲೀತೆ ಹೊರಟಿತು. ಜನಸಾಮಾನ್ಯರ ಶಿಕ್ಷಣ ದೇಶಭಾಷೆಗಳಲ್ಲಿ ನಡೆಯಬೇಕು, ಉಪಾಧ್ಯಾಯರನ್ನು ತಯಾರಿಸಲು ಪ್ರತ್ಯೇಕ ಶಾಲೆಗಳಿರಬೇಕು ಎಂಬೆರಡು ತತ್ವಗಳು ಅದರಲ್ಲಿ ಸೇರಿದ್ದವು. ಮರುವರ್ಷವೇ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆ ಏರ್ಪಟ್ಟಿತು. ಉಪಾಧ್ಯಾಯರ ಶಾಲೆಗೆ ಆಗ ನಾರ್ಮಲ್ ಸ್ಕೂಲ್ ಎಂದು ಹೆಸರು. ಈ ಹೆಸರು ಫ್ರಾನ್ಸಿನಿಂದ ಬಂದದ್ದು. 1795ರಲ್ಲಿ ಪ್ಯಾರಿಸಿನಲ್ಲಿ ತೆರೆದ ಎಕೋಲ್ ನಾರ್ಮಾಲ್ ಎಂಬ ಶಾಲೆಯಲ್ಲಿ ನಾರ್ಮ್ ಎಂದರೆ ಮಾದರಿ. ಮಾದರಿಯಾದ ಪಾಠವನ್ನು ಕಣ್ಣಾರೆ ಕಂಡು, ಬಳಿಕ ತಾನೇ ಮಾಡಿ ಕಲಿಯುವ ಸ್ಥಳವೆಂಬುದು ಆ ಹೆಸರಿನ ಆಶಯ.

1860ರ ದಶಕದ ಆರಂಭದಲ್ಲಿ ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯೋಪಾಧ್ಯಾಯರ ಸ್ಥಾನ ಚನ್ನಬಸಪ್ಪನವರಿಗೆ ದೊರೆಯಿತು. ವಯಸ್ಸು ಇನ್ನೂ ಮೂವತ್ತರ ಒಳಗೆ. ಅವರ ಮುಂದೆ ಇದ್ದ ತೊಡಕುಗಳನ್ನು ನಾವು ಇಂದು ಕಲ್ಪಿಸಿಕೊಳ್ಳುವುದೂ ಕಷ್ಟ. ಕನ್ನಡದಲ್ಲಿ ಕಲಿಸಬೇಕೆಂದರೆ ಕನ್ನಡ ಬಲ್ಲ ಮಾಸ್ತರರು ಬೇಕು. ಮಾಸ್ತರರು ತಯಾರಾಗಬೇಕೆಂದರೆ ಕನ್ನಡ ಪುಸ್ತಕಗಳು ಬೇಕು. ಪುಸ್ತಕ ಬರೆಯಬೇಕೆಂದರೆ ಭೂಗೋಲಕ್ಕೆ, ಗಣಿತಕ್ಕೆ, ವ್ಯಾಕರಣಕ್ಕೆ ಒಪ್ಪುವ ಸರಳ ಗದ್ಯ ಬೇಕು. ಆ ಗದ್ಯವೇ ಇನ್ನೂ ರೂಢಿಗೆ ಬಂದಿರಲಿಲ್ಲ. ಒಂದನ್ನು ಹಿಡಿದೆಳೆದರೆ ಇನ್ನೊಂದು ಸಿಕ್ಕುಬೀಳುವ ಈ ಗಂಟನ್ನು ಅವರು ಮೂರೂ ಕಡೆಯಿಂದ ಒಟ್ಟಿಗೆ ಬಿಡಿಸತೊಡಗಿದರು.

ಮುಂದೆ ಅವರು ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾದರು. ದಕ್ಷಿಣ ವಿಭಾಗದ ಇನ್‌ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಕನ್ನಡದ ವಿಷಯದಲ್ಲಿ ಸಹಾನುಭೂತಿಯುಳ್ಳವರಾಗಿದ್ದರು. ಈ ಜಿಲ್ಲೆಗಳ ಜನರ ಮಾತು ಕನ್ನಡವೆಂಬ ಸರಳ ಸತ್ಯವನ್ನು ಚನ್ನಬಸಪ್ಪನವರು ಅವರ ಮುಂದೆ ಇಟ್ಟರು; ಅವರು ಅದನ್ನು ಒಪ್ಪಿ ಬೆಂಬಲಕ್ಕೆ ನಿಂತರು. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಕನ್ನಡ ಶಾಲೆಗಳು ಒಂದರ ಹಿಂದೊಂದು ತೆರೆದವು. ಶಾಲೆ ತೆರೆಯುವುದೆಂದರೆ ಹಲಗೆ ತೂಗುಹಾಕುವುದಲ್ಲ. ನಾರ್ಮಲ್ ಸ್ಕೂಲಿನಿಂದ ಹೊರಬಿದ್ದ ಒಬ್ಬ ತರುಣನು ಅಲ್ಲಿ ಹೋಗಿ ನಿಲ್ಲಬೇಕು. ಊರವರು ಅವನನ್ನು ನಂಬಬೇಕು. ಮಗನು ಕನ್ನಡ ಕಲಿತರೆ ಕಚೇರಿಯಲ್ಲಿ ಕೆಲಸ ಸಿಕ್ಕೀತೇ ಎಂಬ ತಂದೆಯ ಪ್ರಶ್ನೆಗೆ ಅವನು ಉತ್ತರ ಕೊಡಬೇಕು.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಚಿಕ್ಕೋಡಿ, ಅಥಣಿಗಳು ಆಗ ಮುಂಬಯಿ ಸರಕಾರದ ತಾಲೂಕುಗಳು. ನಿಪ್ಪಾಣಿ ದೇಸಾಯರ ಸಂಸ್ಥಾನವಾಗಿದ್ದು ಇಂಗ್ಲಿಷರಿಗೆ ಸೇರಿದ ಊರು. ಕಾಗವಾಡದ ಸುತ್ತಿನ ನಾಡು ಪಟವರ್ಧನ ಮನೆತನದ ಆಳಿಕೆಯನ್ನು ಕಂಡದ್ದು. ರಾಯಬಾಗವಂತೂ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿಯೇ ಇತ್ತು. ಡೆಪ್ಯುಟಿಯವರ ಅಧಿಕಾರ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಹೀಗೆ ಕೃಷ್ಣೆ ದೂಧಗಂಗೆಗಳ ದಂಡೆಯ ಈ ಐದು ಊರುಗಳು ಒಂದೇ ಬಯಲಿನಲ್ಲಿದ್ದರೂ ಶಾಲೆಗಳ ಇತಿಹಾಸದಲ್ಲಿ ಒಂದೊಂದರ ಹಾದಿ ಒಂದೊಂದು ಬಗೆಯದಾಯಿತು. ಆದರೂ ಕಾಲಕ್ರಮದಲ್ಲಿ ಈ ನೆಲ ಕನ್ನಡಕ್ಕೆ ಫಲ ಕೊಟ್ಟಿತು. ಇಂದು ಕಾಗವಾಡ ತಾಲೂಕಿಗೆ ಸೇರಿರುವ ಶೇಡಬಾಳದಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡುತ್ತಲೇ ‘ನಿಸರ್ಗ’ದಂಥ ಕಾದಂಬರಿ ಬರೆದ ಮಿರ್ಜಿ ಅಣ್ಣಾರಾಯರನ್ನು (1918–1975) ನೆನೆದರೆ ಸಾಕು. ಕನ್ನಡ ಶಾಲೆಯೂ ಕನ್ನಡ ಮಾಸ್ತರನೂ ಇಲ್ಲದಿದ್ದರೆ ಅಂಥ ಲೇಖಕನು ಆ ಗಡಿಯಲ್ಲಿ ಹುಟ್ಟುವುದು ಹೇಗೆ?

ಊರಿಗೆ ಹೋದ ಮಾಸ್ತರನು ಒಂಟಿಯಾಗುತ್ತಾನೆಂಬುದನ್ನು ಚನ್ನಬಸಪ್ಪನವರು ಬಲ್ಲರು. ತರಬೇತಿಯ ಕಾಲದಲ್ಲಿ ಕಲಿತದ್ದು ಎರಡು ವರ್ಷಗಳಲ್ಲಿ ಬಣ್ಣಗೆಡುತ್ತದೆ. ಮೂರನೆಯ ವರ್ಷ ಅವನು ಮತ್ತೆ ಐಗಳ ಛಡಿಗೆ ಮರಳುತ್ತಾನೆ. ಇದಕ್ಕೆ ಪರಿಹಾರವೆಂಬಂತೆ 1860ರ ದಶಕದಲ್ಲಿ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು. ಇದೇ ಮುಂದೆ ‘ಶಾಲಾಪತ್ರಕ’ವಾಗಿ, ಆಮೇಲೆ ‘ಜೀವನ ಶಿಕ್ಷಣ’ವಾಗಿ ಬೆಳೆಯಿತು. ಮಾಸ್ತರನ ಕಲಿಕೆ ಅವನು ನೌಕರಿಗೆ ಸೇರಿದ ದಿನ ಮುಗಿಯಬಾರದೆಂಬ ವಿಚಾರವನ್ನು ಇಂದು ನಾವು ಹೊಸದೆಂಬಂತೆ ಆಡುತ್ತೇವೆ. ಅದು ನಮ್ಮಲ್ಲಿ ಇಷ್ಟು ಹಳೆಯದು.

1871ರಲ್ಲಿ ಅವರು ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಕನ್ನಡಕ್ಕೆ ಬಂದ ಮೊದಮೊದಲ ಶೇಕ್ಸ್‌ಪಿಯರ್ ಕೃತಿಗಳಲ್ಲಿ ಅದೊಂದು. ವಿದ್ಯಾಖಾತೆಯ ಅಧಿಕಾರಿಗೆ ಇದೇಕೆ ಬೇಕಿತ್ತೆಂದು ಕೇಳಬಹುದು. ಅಕ್ಷರ ಕಲಿತವನಿಗೆ ಓದಲು ಏನಾದರೂ ರುಚಿಯಾದದ್ದು ಇರದಿದ್ದರೆ ಕಲಿತ ಅಕ್ಷರ ತುಕ್ಕು ಹಿಡಿಯುತ್ತದೆ. ಆ ಹೆಸರಿನಲ್ಲಿಯೇ ಒಬ್ಬ ಮಾಸ್ತರನ ಮನಸ್ಸು ನನಗೆ ಕಾಣಿಸುತ್ತದೆ. ಕ್ಲಾಸಿನಲ್ಲಿ ಮುಖ ಗಂಟಿಕ್ಕಿ ಕುಳಿತ ಹುಡುಗನನ್ನು ನಗಿಸಿದ ಮೇಲೆಯೇ ಪಾಠ ಮುಂದೆ ಸಾಗುತ್ತದೆಂಬುದು ಕಲಿಸಿದವರಿಗೆಲ್ಲ ಗೊತ್ತು.

1881ರಲ್ಲಿ, ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ತೀರಿಕೊಂಡರು. ಒಂಬತ್ತು ವರ್ಷಗಳ ಬಳಿಕ, 1890ರಲ್ಲಿ, ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘಕ್ಕೆ ಓದುಗರನ್ನೂ ಕಾರ್ಯಕರ್ತರನ್ನೂ ಒದಗಿಸಿದವು ಡೆಪ್ಯುಟಿಯವರ ಕಾಲದ ಶಾಲೆಗಳೇ ಎಂದರೆ ಅತಿಶಯೋಕ್ತಿಯಾಗದು.

ಅವರ ನಾರ್ಮಲ್ ಸ್ಕೂಲಿನ ಕಲ್ಪನೆ ಇಂದಿಗೆ ಬಹು ದೂರ ನಡೆದು ಬಂದಿದೆ. ಪೆಸ್ಟಾಲೊಜಿಯ ವಸ್ತುಪಾಠ ಬಂತು. ಹರ್ಬಾರ್ಟನ ಸೋಪಾನಗಳು ಬಂದವು. ಆ ಸೋಪಾನಗಳಿಗೆ ತಕ್ಕಂತೆ ಪಾಠದ ಟಾಚಣ ಬರೆಯುವುದು ತರಬೇತಿಯ ನಿತ್ಯಕರ್ಮವಾಯಿತು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ಸೂಕ್ಷ್ಮಬೋಧನೆಯೂ ಸೇರಿತು. 2015ರಿಂದ ಬಿ.ಎಡ್. ಎರಡು ವರ್ಷಗಳದಾಗಿದೆ, ಅದರಲ್ಲಿ ಇಪ್ಪತ್ತು ವಾರ ವಿದ್ಯಾರ್ಥಿ ಶಿಕ್ಷಕರು ಶಾಲೆಗಳಲ್ಲಿಯೇ ಇದ್ದು, ಮೊದಲು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ, ಬಳಿಕ ಕರಿಹಲಗೆಯ ಮುಂದೆ ನಿಲ್ಲಬೇಕು. ಶಿಕ್ಷಣ ಖಾತೆಗೆ ಚಿಕ್ಕೋಡಿ ಈಗ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಅಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯೂ ಇದೆ. ಚನ್ನಬಸಪ್ಪನವರು ಧಾರವಾಡದಲ್ಲಿ ನಡೆಸಿದ ಕೆಲಸ ಈ ಗಡಿಯ ಹತ್ತಿರಕ್ಕೇ ಬಂದು ನಿಂತಿದೆ.

ಆದರೆ ಅವರು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಮಗುವಿನ ಮನೆಮಾತನ್ನು ಬಿಟ್ಟು ಮಗುವಿಗೆ ಕಲಿಸಬಹುದೇ? ನಿಪ್ಪಾಣಿಯಲ್ಲಿಯೂ ಕಾಗವಾಡದಲ್ಲಿಯೂ ಕನ್ನಡ ಮನೆಯ ಮಗುವಿದೆ, ಮರಾಠಿ ಮನೆಯ ಮಗುವೂ ಇದೆ. ಎರಡೂ ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡುವ ಮಗುವೂ ಇದೆ. ಅಂದು ಮರಾಠಿ ಶಾಲೆಯಲ್ಲಿ ಮೂಕನಾದ ಕನ್ನಡದ ಹುಡುಗನಿಗಾಗಿ ಡೆಪ್ಯುಟಿಯವರು ನಿಂತರು. ಅವರ ತತ್ವವನ್ನು ನಾವು ನಿಜವಾಗಿ ಒಪ್ಪುವುದಾದರೆ, ಇಂದು ಕನ್ನಡ ಶಾಲೆಯಲ್ಲಿ ಮೂಕನಾಗಿ ಕುಳಿತ ಮರಾಠಿಯ ಹುಡುಗನಿಗೂ ಅದು ಸಲ್ಲಬೇಕು. ಅಲ್ಲಿ ಪಾಠಕ್ಕೆ ನಿಂತ ತರುಣ ಮಾಸ್ತರಳು ಅವನ ಮಾತಿನಲ್ಲಿ ನಾಲ್ಕು ಶಬ್ದ ಆಡಿ ಅವನನ್ನು ಕನ್ನಡದ ಕಡೆಗೆ ಕರೆದು ತಂದರೆ ಕನ್ನಡಕ್ಕೆ ಕುಂದೇನೂ ಬರಲಾರದು. ಇನ್ನು ಕನ್ನಡ ಮಗುವನ್ನೂ ಮರಾಠಿ ಮಗುವನ್ನೂ ಒಟ್ಟಿಗೆ ಇಂಗ್ಲಿಷ್ ಶಾಲೆಗೆ ಅಟ್ಟುತ್ತಿರುವ ತಂದೆತಾಯಿಗಳು ಕೇಳುವುದು ಹಳೆಯ ಪ್ರಶ್ನೆಯನ್ನೇ: ಈ ಮಾತಿನಲ್ಲಿ ಕಲಿತರೆ ನೌಕರಿ ಸಿಕ್ಕೀತೇ? ಅದಕ್ಕೆ ಭಾಷಣದಿಂದ ಉತ್ತರ ಕೊಡಲಾಗದು. ಚೆನ್ನಾಗಿ ಕಲಿಸಿ ತೋರಿಸಿಯೇ ಕೊಡಬೇಕು.

ಚನ್ನಬಸಪ್ಪನವರು ಕೊಟ್ಟ ಉತ್ತರವೂ ಅದೇ ಆಗಿತ್ತು. ಅವರು ವಾದಕ್ಕಿಂತ ಹೆಚ್ಚಾಗಿ ಮಾಸ್ತರರನ್ನು ತಯಾರಿಸಿದರು. ಚಿಕ್ಕೋಡಿ, ರಾಯಬಾಗ, ಅಥಣಿಗಳ ಶಾಲೆಗಳಲ್ಲಿ ಟಾಚಣದ ವಹಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿರುವ ತರುಣ ತರುಣಿಯರಿಗೆ ಈ ಹೆಸರು ಪರಿಚಯವಾಗಲಿ ಎಂಬುದೇ ನನ್ನ ಆಸೆ. ತಾವು ಹಿಡಿದ ಕೆಲಸಕ್ಕೆ ಈ ನಾಡಿನಲ್ಲಿಯೇ ಒಬ್ಬ ಹಿರಿಯರಿದ್ದರೆಂದು ತಿಳಿದರೆ ಅವರ ಹೆಜ್ಜೆ ಇನ್ನಷ್ಟು ಗಟ್ಟಿಯಾದೀತು.